ಮಂಜೂರಾತಿ ಇಲ್ಲದೆ ನಡುನೀರಿನಲ್ಲಿ ತೇಲುವ ಮೀನುಗಳ ಕುರಿತು

ಆಳಸಮುದ್ರ ಮಟ್ಟಪಾಲನಾ ಇಲಾಖೆ
ಸಂಖ್ಯೆ: ಆಸಮಇ/ತೇಲು/ಮುಳುಗು/೪೭

ವಿಷಯ: ಸಿಬ್ಬಂದಿ ಮೀನುಗಳು ಇದ್ದಲ್ಲೇ ಇರುವ ಬಗ್ಗೆ.
ಉಲ್ಲೇಖ: ೧) ಹಿಂದಿನ ಸುತ್ತೋಲೆ (ಭಾರ ಹೆಚ್ಚಾಗಿ ತಳ ಸೇರಿದೆ). ೨) ಇಲಿಬಾಲದ ಗುಮಾಸ್ತ ಮೀನಿನ ಮೌಖಿಕ ಉತ್ತರ.

ಕೆಲವು ಸಿಬ್ಬಂದಿ ಕಚೇರಿ ವೇಳೆಯಲ್ಲಿ ಮೇಲಕ್ಕೂ ಹೋಗದೆ, ಕೆಳಕ್ಕೂ ಇಳಿಯದೆ, ಯಾವ ಆಧಾರವೂ ಇಲ್ಲದೆ ನಡುನೀರಿನಲ್ಲಿ ನಿಂತಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಹೀಗೆ ನಿಲ್ಲಲು ಆದೇಶ ಕೊಟ್ಟವರು ಯಾರೆಂದು ಕಡತದಲ್ಲಿ ಇಲ್ಲ. ಆದ್ದರಿಂದ ಕೆಳಕಂಡಂತೆ ವಿಧಿಸಲಾಗಿದೆ:

೧. ಗಾಳಿಚೀಲದಿಂದ ತೇಲುವವರು, ಒಳಗಿನ ಗಾಳಿ ತಮ್ಮ ರಕ್ತದಿಂದಲೇ ಬಂದದ್ದೆಂದು ಮೂರು ಪ್ರತಿಗಳಲ್ಲಿ ದೃಢೀಕರಿಸತಕ್ಕದ್ದು.

೨. ಶಾರ್ಕ್ ಸಿಬ್ಬಂದಿಯ ಯಕೃತ್ತಿನ ಎಣ್ಣೆ ನೀರಿಗಿಂತ ಹಗುರ ಎಂಬುದನ್ನು ಇಲಾಖೆ ಒಪ್ಪಿದೆ. ಅಷ್ಟಕ್ಕೇ ಅವರು ಎಲ್ಲರ ತಲೆಯ ಮೇಲೆ ಓಡಾಡತಕ್ಕದ್ದಲ್ಲ.

೩. ಮಾಂಸ ನೀರಾಗಿಸಿಕೊಂಡು, ಮೂಳೆ ತೆಳುವಾಗಿಸಿಕೊಂಡು ತೇಲುವವರನ್ನು ಬೆನ್ನುಮೂಳೆ ಇಲ್ಲದವರೆಂದು ಯಾರೂ ಹಂಗಿಸಕೂಡದು. ಬಡ್ತಿಯಲ್ಲಿ ಅಂಥವರಿಗೇ ಆದ್ಯತೆ ಇದೆ.

೪. ಇವೊಂದೂ ಇಲ್ಲದವರು ಈಜುರೆಕ್ಕೆ ಬಡಿಯುತ್ತಲೇ ಇರತಕ್ಕದ್ದು. ನಿಲ್ಲಿಸಿದಲ್ಲಿ ಅದನ್ನು ರಾಜೀನಾಮೆಯೆಂದು ಪರಿಗಣಿಸಲಾಗುವುದು.

೫. ನಡುನೀರಿನಲ್ಲಿ ನಿಂತ ಆರೋಪದ ಮೇಲೆ ಇಲಿಬಾಲದ ಗುಮಾಸ್ತರನ್ನು ಮೇಲ್ಮೈಯ ಪ್ರಧಾನ ಕಚೇರಿಗೆ ಅರ್ಧ ಗಂಟೆಯೊಳಗೆ ಹಾಜರಾಗುವಂತೆ ಕರೆಯಲಾಗಿತ್ತು. ಅವರು ಮಾನ್ಯ ಉಪನಿರ್ದೇಶಕರಿಗೆ, "ಸಾರ್, ಕಾಲಿದ್ದಿದ್ರೆ ಹಿಡ್ಕೊಂಡು ಬೇಡ್ಕೋತಿದ್ದೆ, ಇಬ್ರಿಗೂ ಇಲ್ಲ. ಅಷ್ಟು ಬೇಗ ಮೇಲೆ ಹತ್ತಿದ್ರೆ ನೀರಿನ ಒತ್ತಡ ಇಳಿದು ಗಾಳಿಚೀಲ ಉಬ್ಬುತ್ತೆ, ಹೊಟ್ಟೆ ಬಾಯಿಂದ ಆಚೆ ಬರುತ್ತೆ. ಸತ್ತೇ ಹೋಗ್ತೀನಿ. ಮನೇಲಿ ನಾಲ್ಕು ಲಕ್ಷ ಮೊಟ್ಟೆ ಇದಾವೆ," ಎಂದು ನುಡಿದಿರುತ್ತಾರೆ.

೬. ಇದು ಕುಣಿಯಲಾರದವಳು ನೆಲ ಡೊಂಕೆಂದಂತಾಯಿತು ಎಂದು ಷರಾ ಬರೆದ ಮಾನ್ಯ ಉಪನಿರ್ದೇಶಕರು, ಸ್ವತಃ ಗಾಳಿಚೀಲವುಳ್ಳವರಾಗಿದ್ದು, ಮೇಲೇರುವುದು ಎಷ್ಟು ಸುಲಭವೆಂದು ತೋರಿಸಲು ನಿನ್ನೆ ಬೆಳಿಗ್ಗೆ ಹೊರಟು ಹನ್ನೊಂದು ನಿಮಿಷದಲ್ಲಿ ಮೇಲ್ಮೈ ತಲುಪಿರುತ್ತಾರೆ. ಅವರ ಹೊಟ್ಟೆ ಅವರಿಗಿಂತ ತುಸು ಮುಂಚೆಯೇ ತಲುಪಿರುತ್ತದೆ. ಇಬ್ಬರ ಹಾಜರಾತಿಯನ್ನೂ ದಾಖಲಿಸಲಾಗಿದೆ.

೭. ತೆರವಾದ ಹುದ್ದೆಯ ಪ್ರಭಾರವನ್ನು ಸೇವಾ ಹಿರಿತನದಂತೆ ವಹಿಸಿಕೊಡಲಾಗಿದೆ. ಗುಮಾಸ್ತರ ವಿಚಾರಣೆಯು ಇನ್ನು ಪ್ರಭಾರ ಉಪನಿರ್ದೇಶಕರ ಮುಂದೆ, ಇದೇ ಆಳದಲ್ಲಿ, ನಿಧಾನವಾಗಿ ನಡೆಯುವುದು. ಆರೋಪಿಯ ಮಾತಿನಲ್ಲಿ ಹುರುಳಿದೆ ಎಂದು ಅವರಿಗೆ ಮೊದಲೇ ಮನವರಿಕೆಯಾಗಿದೆ.

ಸಹಿ/-
(ಇಲಿಬಾಲದ ಗುಮಾಸ್ತ)
ಪ್ರಭಾರ ಉಪನಿರ್ದೇಶಕ

ಪ್ರತಿಗಳು:
೧. ಎಲ್ಲ ಸಿಬ್ಬಂದಿಗೆ, ತಂತಮ್ಮ ಆಳದಲ್ಲೇ ಓದಿಕೊಳ್ಳಲು.
೨. ಮೇಲ್ಮೈಯ ಹಕ್ಕಿಗಳಿಗೆ, ಮಾಜಿ ಉಪನಿರ್ದೇಶಕರ ಬಗ್ಗೆ ಈಗಾಗಲೇ ಕೈಗೊಂಡ ಕ್ರಮಕ್ಕೆ ಘಟನೋತ್ತರ ಅನುಮೋದನೆಯೊಂದಿಗೆ.
೩. ಗುಮಾಸ್ತರ ಹೆಂಡತಿಗೆ, ಊಟಕ್ಕೆ ಮನೆಗೇ ಬರುವುದಾಗಿ ತಿಳಿಸುತ್ತಾ.