ಕಂಪ್ಯೂಟರಿನೊಳಗಿನ ಮಾವನವರು

ಪುಸ್ತಕ ಓದಿದರೆ ಭಯ ಹೋಗುತ್ತದೆ ಎಂದು ನಾನು ಅನೇಕ ವೇದಿಕೆಗಳಲ್ಲಿ ಪ್ರತಿಪಾದಿಸಿದ್ದೇನೆ. ಈಗ ಆ ಮಾತಿಗೆ ಒಂದು ಸಣ್ಣ ತಿದ್ದುಪಡಿ ಅಗತ್ಯವೆನಿಸುತ್ತಿದೆ: ಯಾವ ಪುಸ್ತಕ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ‘ದೆವ್ವವಿಲ್ಲ’ ಎಂದು ವಾದಿಸಿ ಬಹುಮಾನ ಪಡೆದೆ. ಮರುವರ್ಷ ಎದುರು ಪಕ್ಷಕ್ಕೆ ಯಾರೂ ಸಿಗದಿದ್ದಾಗ ‘ದೆವ್ವವಿದೆ’ ಎಂದು ವಾದಿಸಿಯೂ ಬಹುಮಾನ ಪಡೆದೆ. ಹೀಗೆ ಎರಡೂ ಕಡೆ ಗೆದ್ದವನ ಎದುರಿಗೆ ದೆವ್ವ ಯಾವ ಮುಖ ಹೊತ್ತು ಬಂದೀತು ಎಂಬ ಧೈರ್ಯ ನನ್ನದಾಗಿತ್ತು. ಅದು ಬಂದದ್ದು ನನ್ನ ಮಾವನವರ ಮುಖ ಹೊತ್ತು.

ನಾನು ಸುರಪುರದಲ್ಲಿ ಅಧ್ಯಾಪಕ. ಬಿಡುವಿನ ವೇಳೆಯಲ್ಲಿ ಸಮಾಜ ಸುಧಾರಕ. ನಮ್ಮ ಸೀಮೆಗೆ ಕಾಲುವೆ ಬಂದ ಮೇಲೆ ಸುಧಾರಿಸಬೇಕಾದ ಸಂಗತಿಗಳಿಗೆ ಕೊರತೆಯೇ ಇಲ್ಲದಂತಾಯಿತು. ಮೇಲ್ಭಾಗದ ಹೊಲದವರು ತಮ್ಮ ಪಾಳಿ ಮುಗಿದ ಮೇಲೂ ತೂಬು ಎತ್ತಿ ಭತ್ತಕ್ಕೆ ನೀರು ಹರಿಸಿಕೊಳ್ಳುತ್ತಾರೆ. ಕೊನೆಯ ಹೊಲದವರು ಒಣಗಿದ ಕಾಲುವೆಯೊಳಗೆ ಕುರಿ ಅಡ್ಡಾಡಿಸುತ್ತಾರೆ. ಈ ಅನ್ಯಾಯದ ಬಗ್ಗೆ ನಾನು ಹುಣಸಗಿಯಲ್ಲಿ ಒಂದು ಉಜ್ವಲ ಭಾಷಣ ಮಾಡಿದೆ. ಜನ ಮನಸಾರೆ ಚಪ್ಪಾಳೆ ತಟ್ಟಿದರು; ಮನೆಗೆ ಹೋಗುವ ದಾರಿಯಲ್ಲಿ ತೂಬು ಎತ್ತಿಕೊಂಡೇ ಹೋದರು. ಭಾಷಣದ ಯುಗ ಮುಗಿಯಿತೆಂದು ಅಂದೇ ತೀರ್ಮಾನಿಸಿದೆ. ಒಂದು ಜಾಲತಾಣ ಮಾಡಬೇಕು, ಅದರಲ್ಲಿ ಒಂದು ಕಾಲುವೆ ಹರಿಯಬೇಕು, ದಂಡೆಯ ಮೇಲೆ ಒಬ್ಬ ರೈತ ಕುಳಿತಿರಬೇಕು. ಯಾರಾದರೂ ಪಾಳಿ ತಪ್ಪಿ ತೂಬು ಒತ್ತಿದರೆ ಆ ರೈತ ಅವರತ್ತ ನೋಡಿ ಗೋಣು ಅಡ್ಡ ಆಡಿಸಬೇಕು. ಆ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಯಾರ ಮನೆಯಲ್ಲೂ ಇಂಟರ್ನೆಟ್ ಇರಲಿಲ್ಲ ಎಂಬುದೊಂದೇ ಯೋಜನೆಯ ಕೊರತೆ.

ಈ ವಿದ್ಯೆಯನ್ನು ಕಲಿಸುವ ಪುಸ್ತಕಗಳು ಹೈದರಾಬಾದಿನ ಪಾದಚಾರಿ ಮಾರ್ಗದ ಮೇಲೆ ಹಳೆಯ ಪ್ರತಿಗಳಾಗಿ ಸಿಗುತ್ತಿದ್ದವು. ಗಾತ್ರದಲ್ಲಿ ಇಟ್ಟಂಗಿ, ಭಾಷೆಯಲ್ಲಿ ಇಂಗ್ಲಿಷ್, ಧಾಟಿಯಲ್ಲಿ ಮದುವೆಗೆ ಹೆಣ್ಣು ತೋರಿಸುವ ದಲ್ಲಾಳಿಯ ಉತ್ಸಾಹ. ಎಲ್ಲವೂ ಒಂದು ಚೆಂಡಿನಿಂದ ಆರಂಭವಾಗುತ್ತವೆ. ಚೆಂಡು ಪುಟಿಯುತ್ತದೆ, ಮುಂದಿನ ಅಧ್ಯಾಯದಲ್ಲಿ ಉರುಳುತ್ತದೆ, ಅದರ ಮುಂದಿನದರಲ್ಲಿ ಬಣ್ಣ ಬದಲಿಸುತ್ತದೆ. ಪ್ರತಿ ಪುಟದ ಕೊನೆಗೆ ‘ಎಷ್ಟು ಸುಲಭ ನೋಡಿದಿರಾ!’ ಎಂಬ ಉದ್ಗಾರ. ನಾನು ಅವರು ಬರೆದದ್ದನ್ನು ಅಕ್ಷರ ಬಿಡದೆ ನಕಲು ಮಾಡಿದರೂ ನನ್ನ ಚೆಂಡು ಪರದೆಯ ಮೂಲೆಯಲ್ಲಿ ಹೋಗಿ ನಿಂತು ನಡುಗುತ್ತಿತ್ತು. ಏಕೆ ನಡುಗುತ್ತಿದೆ ಎಂದು ಆಗಲೇ ನಾನು ವಿಚಾರಿಸಬೇಕಿತ್ತು.

ನಾನು ಕೊಂಡ ಪುಸ್ತಕದ ನಡುಭಾಗದಲ್ಲೊಂದು ಅಧ್ಯಾಯವಿತ್ತು: ಚಿತ್ರದ ಕಣ್ಣುಗಳು ಮೌಸಿನ ಬಾಣ ಹೋದತ್ತ ತಿರುಗುವಂತೆ ಮಾಡುವುದು ಹೇಗೆ. ಅದು ಮಾತ್ರ ನನಗೆ ಮೊದಲ ಪ್ರಯತ್ನಕ್ಕೇ ಒಲಿಯಿತು. ರೈತನಿಗೆ ಮುಖ ಬೇಕಲ್ಲ, ಬೋನಾಳದಲ್ಲಿ ಹೊಲ ಮಾಡಿಕೊಂಡಿದ್ದು ಹಿಂದಿನ ವರ್ಷ ತೀರಿಕೊಂಡ ನನ್ನ ಮಾವನವರ ಮುಖವನ್ನೇ ನೆನಪಿನಿಂದ ಬರೆದೆ. ಮೌಸಿನಿಂದ ಚಿತ್ರ ಬರೆಯುವುದು ಸಾಬೂನಿನ ತುಂಡು ಹಿಡಿದು ಸಹಿ ಮಾಡಿದಂತೆ. ಆದರೂ ರುಮಾಲು ಬಂತು, ಮೀಸೆ ಬಂತು, ಕಣ್ಣು ಬಂತು. ಕಣ್ಣು ಬಂದ ಕ್ಷಣದಿಂದ ಕೋಣೆಯಲ್ಲಿ ನಾನೊಬ್ಬನೇ ಇದ್ದೇನೆ ಎನಿಸಲಿಲ್ಲ.

ಮೊದಲು ಗಮನಿಸಿದವಳು ನನ್ನ ಹೆಂಡತಿ ಶಾಂತಾ. ಮಧ್ಯಾಹ್ನ, ಬಿಸಿಲಿಗೆ ಓಣಿಯೆಲ್ಲ ಬಾಗಿಲು ಹಾಕಿಕೊಂಡ ಹೊತ್ತು. ಚಹಾ ಕೊಟ್ಟು ಹೊರಟವಳು ಬಾಗಿಲಲ್ಲೇ ನಿಂತಳು.

“ಅಪ್ಪ ನನ್ನ ಯಾಕ ನೋಡಾಕತ್ತಾನ?”

“ಅದು ನಿನ್ನನ್ನಲ್ಲ, ಮೌಸಿನ ಬಾಣವನ್ನು ನೋಡುತ್ತದೆ” ಎಂದು ಸಿದ್ಧಾಂತ ವಿವರಿಸಿದೆ.

“ನಿಮ್ಮ ಕೈಯಾಗ ಚಾದ ಕಪ್ಪೈತಿ. ಮೌಸ್ ಯಾರ ಹಿಡದಾರ?”

ನೋಡಿದೆ. ಬಾಣ ಪರದೆಯ ಕೆಳಗೆ ಎಡಮೂಲೆಯಲ್ಲಿತ್ತು. ಬಾಗಿಲು ಇದ್ದದ್ದು ಬಲಕ್ಕೆ, ಕಣ್ಣುಗಳಿದ್ದದ್ದೂ ಬಲಕ್ಕೆ. ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್ ಹೋಗಿ ಮೇಜು ಅಲುಗಿರಬೇಕು ಎಂದೆ. ಟ್ರ್ಯಾಕ್ಟರಿನ ಸದ್ದನ್ನು ನಾವಿಬ್ಬರೂ ಕೇಳಿರಲಿಲ್ಲ. ಆದರೆ ವೈಚಾರಿಕತೆಗೆ ಸಾಕ್ಷಿಗಿಂತ ಮೊದಲು ವಿವರಣೆ ಬೇಕಾಗುವ ಸಂದರ್ಭಗಳಿರುತ್ತವೆ.

ಇಲ್ಲಿ ನನ್ನ ಅತ್ತೆಯವರ ವಿಷಯ ಹೇಳಬೇಕು. ಭೀಮವ್ವನವರ ಒಂದು ಕಣ್ಣು ಪೊರೆಯಿಂದ ಮುಚ್ಚಿಹೋಗಿತ್ತು, ಇನ್ನೊಂದು ಮುಚ್ಚುತ್ತಿತ್ತು. ಆಪರೇಷನ್ ತಡವಾದರೆ ಕಷ್ಟ ಎಂದು ವೈದ್ಯರು ಎಚ್ಚರಿಸಿದ್ದರು. ಸುರಪುರದಲ್ಲೇ ನೇತ್ರ ಶಿಬಿರ ನಡೆಯುವುದಿತ್ತು. ಆದರೆ ಅವರು ಜೀವಮಾನದಲ್ಲಿ ಯಜಮಾನರ ‘ಹೂಂ’ ಇಲ್ಲದೆ ಯಾವ ಕೆಲಸಕ್ಕೂ ಹೊಸ್ತಿಲು ದಾಟಿದವರಲ್ಲ. ಮಗಳ ಮನೆಗೆ ಬರುವುದಕ್ಕೆ ಮಾವನವರು ಒಮ್ಮೆಲೇ ಕಾಯಂ ಒಪ್ಪಿಗೆ ಕೊಟ್ಟಿದ್ದರು. ಕಣ್ಣಿನ ವಿಷಯದಲ್ಲಿ ಮಾತ್ರ ‘ನೋಡೂಣು’ ಎಂದು ಹೇಳಿ, ನೋಡುವ ಮೊದಲೇ ತೀರಿಕೊಂಡಿದ್ದರು.

“ಅವ್ರು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ನಾ ಹ್ಯಾಂಗ ಹೋಗ್ಲಿ ಅಳಿಯಂದ್ರ?” ಎಂದು ಅತ್ತೆ ಕೇಳಿದಾಗ, ಮಹಿಳಾ ಸ್ವಾತಂತ್ರ್ಯದ ಬಗ್ಗೆ ನನಗೆ ತಿಳಿದಿದ್ದೆಲ್ಲವನ್ನೂ ಹೇಳಿದ್ದೆ. ಅವರು ಸಮಾಧಾನದಿಂದ ಕೇಳಿ, “ಛಲೋ ಮಾತಾಡ್ತೀರಿ” ಎಂದಿದ್ದರು.

ಶಾಂತಾ ನನ್ನ ಪರದೆಯನ್ನೂ ತಾಯಿಯ ಕಣ್ಣನ್ನೂ ಒಟ್ಟಿಗೆ ಯೋಚಿಸಿದಳು. “ಒಮ್ಮಿ ಅವನ ಕಡಿಂದ ಹೂಂ ಅನಸ್ರಿ. ಅವ್ವನ ಕಣ್ಣ ಉಳೀತಾವ.”

ಇದು ಮೋಸ, ಮೌಢ್ಯದ ಪೋಷಣೆ, ನನ್ನ ಸಾರ್ವಜನಿಕ ಜೀವನದ ಆತ್ಮಹತ್ಯೆ ಎಂದು ವಿಸ್ತಾರವಾಗಿ ವಾದಿಸಿದೆ. “ಆತ್ರಿ, ವಾದದಾಗ ನೀವ ಗೆದ್ರಿ. ಕುರುಡಿ ಆದ ಮ್ಯಾಲ ಆಕಿನ ಕೈ ಹಿಡಕೊಂಡು ನೀವ ಅಡ್ಡಾಡ್ರಿ” ಎಂದಳು. ನಾನು ಪುಸ್ತಕ ತೆಗೆದೆ.

ನನ್ನ ರೈತನಿಗೆ ಬರುತ್ತಿದ್ದದ್ದು ಗೋಣನ್ನು ಅಡ್ಡ ಆಡಿಸುವುದೊಂದೇ. ಬೇಡ ಎನ್ನುವುದಕ್ಕೆಂದೇ ಹುಟ್ಟಿಸಿದ ಜೀವ ಅದು. ಪುಸ್ತಕ ಹೇಳಿದಂತೆ ಗೋಣನ್ನು ಕೆಳಗೆ ಬಾಗಿಸಲು ಹೋದೆ. ತಲೆ ಕುತ್ತಿಗೆಯಿಂದ ಕಳಚಿ, ದಂಡೆಯ ಮೇಲೆ ಉರುಳಿ, ಕಾಲುವೆಯಲ್ಲಿ ತೇಲುತ್ತಾ ಹೋಯಿತು. ಹೋಗುವಾಗಲೂ ಕಣ್ಣುಗಳು ಬಾಣವನ್ನು ಹಿಂಬಾಲಿಸುತ್ತಲೇ ಇದ್ದವು. ಶಾಂತಾ ಚೀರಿದಳು. ನಾನು ಬರೆದದ್ದನ್ನೆಲ್ಲ ಅಳಿಸಿ, ತಲೆಯನ್ನು ಮೊದಲಿದ್ದಲ್ಲಿಗೆ ತಂದು ಕೂರಿಸಿ, ಇನ್ನು ಸತ್ಯವೇ ನಮ್ಮ ಮಾರ್ಗ ಎಂದು ಘೋಷಿಸಿದೆ.

ಆದರೆ ಯಜಮಾನರು ಪರದೆಯಲ್ಲಿ ಕುಳಿತಿದ್ದಾರೆಂಬ ಸುದ್ದಿ ಅತ್ತೆಯವರಿಗೆ ಮುಟ್ಟಿಯಾಗಿತ್ತು. ಮರುದಿನವೇ ಬಸ್ಸಿಳಿದು ಬಂದು, ಪರದೆಯ ಮುಂದೆ ನೆಲದ ಮೇಲೆ ಕುಳಿತು, ತಲೆ ತುಂಬ ಸೆರಗು ಹೊದ್ದುಕೊಂಡರು. ಮಂಜುಗಣ್ಣಿಗೆ ಬೆಳಕು ಮತ್ತು ಅದರೊಳಗಿನ ಅಲುಗಾಟವಷ್ಟೇ ಕಾಣುತ್ತಿತ್ತೆಂದು ತೋರುತ್ತದೆ.

“ಅದ ರುಮಾಲ” ಎಂದರು ಮೆಲ್ಲಗೆ. “ಇಲ್ಲಿ ಬಂದು ಕುಂತೀರೇನ್ರಿ?”

ಹೊರಗೆ ಒಂದು ಕಾಗೆಯ ದನಿಯೂ ಇರಲಿಲ್ಲ. ನಾನು ಮೌಸಿನಿಂದ ದೂರ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅಪ್ಪಿತಪ್ಪಿ ಕೈ ತಾಗಿದರೆ ಆ ಗೋಣು ಅಡ್ಡ ಆಡುತ್ತದೆ. ಅಡ್ಡ ಆಡಿದರೆ ಅತ್ತೆಯವರ ಕಣ್ಣು ಹೋದಂತೆಯೇ.

“ಕಣ್ಣ ಕೊಯ್ಸಾಕ ಹೋಗ್ಲೇನ್ರಿ?” ಎಂದು ಅತ್ತೆ ಕೇಳಿದರು.

ಕಣ್ಣುಗಳು ಬಾಣವನ್ನು ಬಿಟ್ಟು ಅವರತ್ತ ಇಳಿದವು. ಆಮೇಲೆ ಆ ತಲೆ ನಿಧಾನವಾಗಿ ಕೆಳಗೆ ಬಾಗಿ, ನಿಧಾನವಾಗಿ ಮೇಲೆದ್ದಿತು. ಕಳಚಿ ಬೀಳಲಿಲ್ಲ. ಪುಸ್ತಕದ ಚಿತ್ರದಲ್ಲಿರುವುದಕ್ಕಿಂತ ಸೊಗಸಾಗಿತ್ತು.

“ಇಷ್ಟಕ್ಕ ವರ್ಷಗಟ್ಟಲೆ ನೋಡೂಣು ನೋಡೂಣು ಅಂದ್ರಿ!” ಎಂದು ಅತ್ತೆ ಗದರಿಸಿ ಎದ್ದರು. ಶಾಂತಾ ನನ್ನತ್ತ ಕೃತಜ್ಞತೆಯಿಂದ ನೋಡಿದಳು. ನಾನು ಮಾಡಿದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಗಾದರೆ ಯಾರು ಎಂಬ ಪ್ರಶ್ನೆ ಬರುತ್ತದೆಂದು ಮುಚ್ಚಿದೆ. ಆಮೇಲೆ ಬರೆದಿದ್ದ ಸಾಲುಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಿದೆ. ಗೋಣು ಬಾಗಿಸು ಎಂಬ ಆದೇಶ ಎಲ್ಲಿಯೂ ಇರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ನೆಟ್ಟಗೆ ನಮ್ಮ ಮನೆಗೆ ಬಂದರು. ಯಜಮಾನರನ್ನು ಕಣ್ತುಂಬ ನೋಡಬೇಕಿತ್ತು. ನಾನು ಕಂಪ್ಯೂಟರ್ ಹಚ್ಚಿದೆ. ಅವರು ಕನ್ನಡಕ ಹಣೆಗೇರಿಸಿ, ಹತ್ತಿರ ಬಾಗಿ, ಬಹಳ ಹೊತ್ತು ನೋಡಿದರು.

“ಯಾರ್ ಇಂವ?”

“ಮಾವನವರಲ್ಲವೇ?”

“ನಮ್ಮೋರಿಗೆ ಇಂಥಾ ಮೂಗ ಎಲ್ಲಿತ್ರಿ? ಮೀಸಿ ನೋಡ್ರಿ, ಹಾವ ಮಲಗಿದಂಗ ಐತಿ. ಶಾಂತಿ, ಬಾ ಇಲ್ಲಿ. ಇಂವ ನಿಮ್ಮಪ್ಪನ ಏನು?”

ಶಾಂತಾ ಬಂದು ನೋಡಿ, “ಹೌದಲ್ಲಬೇ, ಅಪ್ಪ ಅಲ್ಲ” ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ಅಲ್ಲಿಂದ ಮುಂದೆ ನಾನು, ಮೌಢ್ಯ ವಿರೋಧಿ ಹೋರಾಟಗಾರ, ಪರದೆಯ ಮೇಲೆ ಕುಳಿತವರು ದಿವಂಗತ ಮಾವನವರೇ ಎಂದು ಸಾಧಿಸಲು ಕಾಲೇಜಿನ ದಿನಗಳ ವಾಕ್ಪಟುತ್ವವನ್ನೆಲ್ಲ ಬಳಸಿದೆ. ಅವರ ವಿಧವೆ ಒಪ್ಪಲಿಲ್ಲ. “ಇರಲಿ ಬಿಡ್ರಿ. ಯಾವ ಪುಣ್ಯಾತ್ಮನೋ ಏನೋ, ನನ್ನ ಕಣ್ಣ ಉಳಿಸಿದ. ಆದ್ರ ಗುರ್ತಿಲ್ಲದಂವ ನಿಮ್ಮ ಮನ್ಯಾಗ ಯಾಕ ಕುಂತಾನ, ನೀವು ಕೇಳ್ರಿ” ಎಂದು ಹೇಳಿ, ಕನ್ನಡಕ ಇಳಿಸಿಕೊಂಡು ಬೋನಾಳದ ಬಸ್ಸಿಗೆ ಹೊರಟರು.

ನಾನಿನ್ನೂ ಕೇಳಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ತರಗತಿಯಲ್ಲಿ ಈಗಲೂ ಬೋಧಿಸುತ್ತೇನೆ. ಮನೆಯಲ್ಲಿ ನಾನು ಕೇಳುವ ಪ್ರಶ್ನೆ ಒಂದೇ. ಕೆಲಸ ಮುಗಿದ ಮೇಲೆ, ಸುತ್ತಮುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, “ಇನ್ನ ಬಂದ್ ಮಾಡ್ಲೇನ್ರಿ?” ಎನ್ನುತ್ತೇನೆ. ಅವರು ನನ್ನತ್ತ ನೋಡಿ ಗೋಣು ಅಡ್ಡ ಆಡಿಸುತ್ತಾರೆ. ನಾನು ಕುರ್ಚಿಯಲ್ಲಿ ಕುಳಿತು ಕರೆಂಟ್ ಹೋಗುವುದನ್ನೇ ಕಾಯುತ್ತೇನೆ. ನಮ್ಮೂರಿನಲ್ಲಿ, ಸದ್ಯ, ಅದಕ್ಕೆ ಬಹಳ ಹೊತ್ತು ಕಾಯಬೇಕಾಗಿಲ್ಲ.