ಗೆದ್ದ ಸುಂಕದ ವಾರಸುದಾರರು

ಪುರಸಭೆಯ ಮೇಲೆ ಕೇಸು ಹಾಕಿ ಗೆದ್ದವರು ನಮ್ಮ ವಂಶದಲ್ಲಿ ನಾನೊಬ್ಬನೇ. ನಮ್ಮ ಮುತ್ತಾತ ಒಮ್ಮೆ ಪಕ್ಕದ ಮನೆಯವರ ಕೋಳಿಯ ವಿಷಯವಾಗಿ ಕೋರ್ಟಿಗೆ ಹೋಗಿದ್ದನಂತೆ. ಆದರೆ ಕೋಳಿಯೇ ಗೆದ್ದಿತಂತೆ. ಆದ್ದರಿಂದ ನನ್ನ ವಿಜಯವನ್ನು ಒಂದಿಷ್ಟು ವಿವರವಾಗಿ ಬರೆದಿಡುವುದು ಮುಂದಿನ ಪೀಳಿಗೆಗೆ ನಾನು ಮಾಡಬಹುದಾದ ಉಪಕಾರ. ಇಂಥ ವಿಜಯ ಅವರಿಗೆ ಬಾರದಿರಲಿ!

ನಮ್ಮೂರು ಕೆಂಗಲ್ಲಿನ ಆಸುಪಾಸಿನದು. ಹೆಸರು ಹೇಳುವುದಿಲ್ಲ, ಪುರಸಭೆಯವರಿಗೆ ಈಗಲೂ ನನ್ನ ಮೇಲೆ ಒಂದು ಕಣ್ಣಿದೆ. ಪೇಟೆ ಬೀದಿಯಲ್ಲಿ ನನ್ನದು ಸ್ಟೀಲ್ ಪಾತ್ರೆಯ ಅಂಗಡಿ, ಊರಿಗೆಲ್ಲ ಅದೊಂದೇ. ಆ ಕಾಲದಲ್ಲಿ ಊರೊಳಕ್ಕೆ ಯಾವ ಸರಕು ಬಂದರೂ ಊರಬಾಗಿಲಿನ ಗೇಟಿನಲ್ಲಿ ಪುರಸಭೆಗೆ ಸುಂಕ ಕಟ್ಟಬೇಕಾಗಿತ್ತು. ಬೆಂಗಳೂರಿನಿಂದ ಬರುವ ನನ್ನ ಚೊಂಬು ತಪ್ಪಲೆಗಳು ಪುರಸಭೆಯ ದೃಷ್ಟಿಯಲ್ಲಿ ಪರದೇಶದ ಮಾಲು! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂದು ಹಿರಿಯರು ಹೇಳಿದ್ದಾರೆ. ನಾನು ಹೇಳಿಕೊಂಡು ನೋಡಿದೆ. ಹಿರಿಯರು ಸರಿ.

ಒಂದು ಬೆಳಿಗ್ಗೆ ಪುರಸಭೆ ಯಾರಿಗೂ ನೋಟಿಸು ಕೊಡದೆ ಸ್ಟೀಲ್ ಪಾತ್ರೆಯ ಮೇಲಿನ ಸುಂಕವನ್ನು ಏರಿಸಿಬಿಟ್ಟಿತು. ನಾನು ಧರ್ಮಿಷ್ಠ. ಏರಿದ ಸುಂಕವನ್ನು ಒಂದು ಕಾಸೂ ಬಿಡದೆ ಬೆಲೆಗೆ ಸೇರಿಸಿದೆ. ಗಿರಾಕಿ ಮುಖ ಸಿಂಡರಿಸಿದಾಗಲೆಲ್ಲ ಕೆಂಗಲ್ ದಿಕ್ಕಿಗೆ ತಿರುಗಿ ಕೈಮುಗಿದು, “ಆಂಜನೇಯನಾಣೆ ತಾಯಿ, ಮೇಲಿನ ದುಡ್ಡು ನನ್ನದಲ್ಲ. ಅದು ಸುಂಕ. ಕಟ್ಟುವವರು ನೀವು, ನಾನು ಬರೀ ದಾರಿ!” ಎನ್ನುತ್ತಿದ್ದೆ. ವ್ಯಾಪಾರದಲ್ಲಿ ಆಣೆಯೆಂಬುದು ಕೊಸರಿದ್ದ ಹಾಗೆ, ಬಿಟ್ಟಿ ಕೊಡುವಂಥದು. ಗಿರಾಕಿಗಳು ಅದನ್ನೂ ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಾರೆಂದು ನನಗೇನು ಗೊತ್ತು?

ಇವತ್ತು ಪಾತ್ರೆ, ನಾಳೆ ಬಟ್ಟೆ, ನಾಡಿದ್ದು ಬೆಲ್ಲ ಎಂದು ಹೆದರಿದ ಪೇಟೆಯ ವರ್ತಕರೆಲ್ಲ ಸಭೆ ಸೇರಿ, ಪುರಸಭೆಯ ಮೇಲೆ ಕೇಸು ಹಾಕುವುದೆಂದು ತೀರ್ಮಾನಿಸಿದರು. ನಾನು ಸಭೆಗೆ ತಡವಾಗಿ ಹೋದೆ. ಹೋಗುವಷ್ಟರಲ್ಲಿ ಕಾಫಿ ಮುಗಿದಿತ್ತು. ವಾದಿಯ ಸ್ಥಾನ ಮಾತ್ರ ಖಾಲಿ ಉಳಿದಿತ್ತು.

“ಲೇ ನಂಜುಂಡ, ನಿನ್ನಂಗೆ ಗುಂಡಿಗೆ ಇರೋನು ಈ ಪೇಟೇಲಿ ಇನ್ಯಾರ್ಲಾ ಅವ್ನೆ?” ಎಂದ ಪಕ್ಕದ ಬಟ್ಟೆ ಅಂಗಡಿಯ ಚಿಕ್ಕಣ್ಣ.

“ನೀನಿದ್ದೀಯಲ್ಲ?”

“ನಂಗೆ ಬಿ.ಪಿ. ಐತೆ ಕಣ್ಲಾ.”

ಹೀಗೆ ಆರೋಗ್ಯವಂತನಾದ ಒಂದೇ ಕಾರಣಕ್ಕೆ ನಾನು ವಾದಿಯಾದೆ.

ಮನೆಯಲ್ಲಿ ನನ್ನ ಹೆಂಡತಿ ಶಾರದೆಗೆ ಈ ಕೇಸಿನಲ್ಲಿ ಇದ್ದ ಆಸಕ್ತಿ ಒಂದೇ: ನಲ್ಲಿ. ಪುರಸಭೆಗೆ ಹಣ ಕಟ್ಟಿ ನಮ್ಮ ಹೊಸ ಮನೆಯ ಹಿತ್ತಲಿಗೆ ಸ್ವಂತ ನಲ್ಲಿ ಹಾಕಿಸಿಕೊಳ್ಳಬೇಕೆಂದು ಅವಳು ಒಂದು ಡಬ್ಬಿಯಲ್ಲಿ ದುಡ್ಡು ಕೂಡಿಸುತ್ತಿದ್ದಳು. ಡಬ್ಬಿ ಇನ್ನೂ ತುಂಬಿರಲಿಲ್ಲ.

“ರೀ, ಬೀದಿ ನಲ್ಲಿ ಮುಂದೆ ಬಿಂದಿಗೆ ಇಟ್ಕೊಂಡು ನಿಂತೂ ನಿಂತೂ ನನ್ನ ಕಾಲು ಬಿದ್ದುಹೋಯ್ತು. ಸುಂಕದ ದುಡ್ಡು ವಾಪಸ್ ಬಂದ್ರೆ ಮೊದಲು ನಲ್ಲಿ. ಆಮೇಲೆ ಬೇರೆ ಮಾತು.”

“ಒಂದಲ್ಲ, ಎರಡು ನಲ್ಲಿ ಹಾಕಿಸ್ತೀನಿ ಬಿಡು! ಒಂದು ಹಿತ್ತಲಿಗೆ, ಒಂದು ಅಂದಕ್ಕೆ!” ಎಂದೆ.

ರಾಮನಗರದ ಕೋರ್ಟಿನಲ್ಲಿ ನಾನು ಎಷ್ಟೋ ಸಲ ಬೆಂಚಿನ ಮೇಲೆ ಕುಳಿತು ತೂಕಡಿಸಿದ ಫಲವಾಗಿ ನ್ಯಾಯ ಸಿಕ್ಕಿತು. ನೋಟಿಸಿಲ್ಲದೆ ಏರಿಸಿದ ಸುಂಕ ಸಲ್ಲದು, ವಸೂಲಾದದ್ದನ್ನು ವಾಪಸು ಮಾಡತಕ್ಕದ್ದು ಎಂದು ತೀರ್ಪಾಯಿತು. ಚಿಕ್ಕಣ್ಣ ಬಸ್ ನಿಲ್ದಾಣದಲ್ಲಿಯೇ ನನಗೆ ಹಾರ ಹಾಕಿದ. ಯಾರಿಗೆ ವಾಪಸು ಎಂದು ನಾನು ಕೇಳಲೂ ಇಲ್ಲ. ಕೇಳುವುದೇನು? ಗೇಟಿನಲ್ಲಿ ಕಟ್ಟಿದವನು ನಾನು!

ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ವಿರೂಪಾಕ್ಷಿಪುರದ ಪುಟ್ಟಮ್ಮ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ನನ್ನ ಹಳೆಯ ಗಿರಾಕಿ.

“ಗೆದ್ಬುಟ್ರಂತಲ್ಲ ಸೌಕಾರ್ರೇ! ಕೇಳಿ ಒಟ್ಟೆ ತಣ್ಣಗಾಯ್ತು.”

“ಎಲ್ಲ ನಿಮ್ಮ ಆಶೀರ್ವಾದ, ಪುಟ್ಟಮ್ಮ.”

“ಆಸೀರ್ವಾದ ಇರ್ಲಿ. ನನ್ ಸುಂಕ ಕೊಟ್ಬುಡಿ, ಬಸ್ ಒಂಟೋಯ್ತದೆ.”

“ನಿಮ್ಮ ಸುಂಕವೇ?”

“ನೀವೇ ಯೋಳಿದ್ರಿ ತಾನೆ? ಬಿಂದಿಗೆ ತಕ್ಕಂಡಾಗ ಕೆಂಗಲ್ ಅನುಮಪ್ಪನ ಮ್ಯಾಲೆ ಆಣೆ ಮಡಗಿ, ಕಟ್ಟೋರು ನೀವು, ನಾನು ಬರೀ ದಾರಿ ಅಂದ್ರಿ. ಈಗ ದುಡ್ಡು ಅದೇ ದಾರೀಲಿ ವಾಪಸ್ ಬತ್ತಾ ಐತೆ. ಅಡ್ಡ ನಿಂತ್ಕಬೇಡಿ!”

ಕೋರ್ಟಿನಲ್ಲಿ ಪುರಸಭೆಯ ವಕೀಲರು ಇಷ್ಟು ಚೆನ್ನಾಗಿ ವಾದಿಸಿದ್ದರೆ ನಾನು ಅಲ್ಲೇ ಸೋತಿರುತ್ತಿದ್ದೆ.

ನಮ್ಮ ವಕೀಲರ ಬಳಿಗೆ ಓಡಿದೆ. ಅವರು ಕನ್ನಡಕ ಒರೆಸಿಕೊಂಡು, “ಗೇಟಿನಲ್ಲಿ ಕಟ್ಟಿದವರು ನೀವಾದ್ದರಿಂದ ಹಣ ನಿಮ್ಮದು. ಗಿರಾಕಿಯಿಂದ ವಸೂಲು ಮಾಡಿಕೊಂಡಿದ್ದರೆ ನಿಮ್ಮದಲ್ಲ. ಎರಡು ಕಡೆಯೂ ವಾದಿಸಬಹುದು, ಎರಡು ಕಡೆಗೂ ನಾನೇ ಇದ್ದೇನೆ,” ಎಂದು ಧೈರ್ಯ ತುಂಬಿದರು. ಮನೆಗೆ ಬಂದು ಶಾರದೆಯನ್ನು ಕೇಳಿದರೆ, “ಪುಟ್ಟಮ್ಮ ಕೊಟ್ಟ ಸುಂಕ ಪುಟ್ಟಮ್ಮಂಗೇ ಸೇರ್ಬೇಕು, ಅದು ನ್ಯಾಯ. ನಮಗೆ ನಲ್ಲಿ ಬರ್ಬೇಕು, ಅದೂ ನ್ಯಾಯ,” ಎಂದಳು. ನನಗೆ ಯಾರು ಹೇಳಿದ್ದೂ ಸರಿಯೆಂದೇ ಕಂಡಿತು. ಎಲ್ಲರೂ ಸರಿಯಾದರೆ ಮನುಷ್ಯ ಹುಚ್ಚನಾಗುತ್ತಾನೆ.

ಆಗಲೇ ನನಗೊಂದು ಅಮೋಘವಾದ ಉಪಾಯ ಹೊಳೆಯಿತು.

ನಮ್ಮ ಸೀಮೆಯಲ್ಲಿ ಸ್ಟೀಲ್ ಪಾತ್ರೆಯನ್ನು ಸ್ವಂತಕ್ಕೆ ಕೊಳ್ಳುವವರು ಕಡಿಮೆ. ಕೊಳ್ಳುವುದೆಲ್ಲ ಮದುವೆ, ಗೃಹಪ್ರವೇಶಗಳಿಗೆ ಮುಯ್ಯಿ ಮಾಡಲು. ಕೊಟ್ಟವರಾರೆಂದು ಮರೆತುಹೋಗಬಾರದಲ್ಲ, ಅದಕ್ಕೆ ಪಾತ್ರೆಗೆ ಹೆಸರು ಹಾಕಿಸುತ್ತಾರೆ. ಆ ಸೇವೆಯನ್ನು ನಾನೇ ಉಳಿ ಹಿಡಿದು ಪುಕ್ಕಟೆಯಾಗಿ ಮಾಡುತ್ತಿದ್ದೆ. ನನ್ನ ಅಕ್ಷರ ನೋಡುವ ಹಾಗಿಲ್ಲವಾದ್ದರಿಂದ ಪಾತ್ರೆಯ ತಳದಲ್ಲಿ ಹಾಕುತ್ತಿದ್ದೆ. ಈಗ ಯೋಚಿಸಿ: ಹೆಸರಿದ್ದವರ ಬಳಿ ಪಾತ್ರೆಯಿಲ್ಲ, ಪಾತ್ರೆಯಿದ್ದವರಿಗೆ ಹೆಸರಿಲ್ಲ! ಅಂಗಡಿಯ ಮುಂದೆ ಹಲಗೆ ತೂಗುಹಾಕಿದೆ: “ಇಲ್ಲಿ ಹೆಸರು ಹಾಕಿಸಿದ ಪಾತ್ರೆಯನ್ನು ಸದರಿ ಹೆಸರಿನವರು ಖುದ್ದಾಗಿ ಹಾಜರುಪಡಿಸಿದಲ್ಲಿ ಸುಂಕ ವಾಪಸು ಕೊಡಲಾಗುವುದು.” ಧರ್ಮವೂ ಉಳಿಯಿತು, ನಲ್ಲಿಯೂ ಉಳಿಯಿತು. ಮುಯ್ಯಿ ಮಾಡಿದ ಪಾತ್ರೆಯನ್ನು ವಾಪಸು ಕೇಳುವ ನಾಚಿಕೆಗೆಟ್ಟವರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ.

ಎಲ್ಲರೂ ಹುಟ್ಟಿದ್ದರು!

ಸಂತೆಯ ದಿನ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. “ಒಸಿ ತೋರ್ಸಿ ತಂದ್ಕೊಡ್ತೀವಿ” ಎಂದು ಮುಯ್ಯಿ ಕೊಟ್ಟವರು ಕೇಳಿದ್ದರು. “ಪಾತ್ರೆ ನಮ್ಮನೇದು, ನಾವೂ ಬತ್ತೀವಿ” ಎಂದು ಇಸಕೊಂಡವರು ಹೊರಟಿದ್ದರು. ಹೀಗಾಗಿ ಒಂದೊಂದು ಪಾತ್ರೆಗೂ ಇಬ್ಬಿಬ್ಬರು ಜೋತುಬಿದ್ದಿದ್ದರು. ಒಂದು ಇಡ್ಲಿ ಪಾತ್ರೆಯ ಒಂದು ಹಿಡಿಯನ್ನು ಸೋದರಮಾವ, ಇನ್ನೊಂದು ಹಿಡಿಯನ್ನು ಸೋದರಳಿಯ ಹಿಡಿದಿದ್ದರು.

“ಎಸ್ರು ನಂದೈತೆ, ಸುಂಕ ನಂದು!” ಎಂದ ಮಾವ.

“ಕೊಟ್ ಮ್ಯಾಲೆ ಪಾತ್ರೆ ನಂದು. ಪಾತ್ರೆ ಜೊತೆ ಸುಂಕಾನೂ ಕೊಟ್ಟಂಗೇ ಅಲ್ವಾ? ಏನ್ ಸೌಕಾರ್ರೇ?” ಎಂದ ಅಳಿಯ.

ನಾನು ಮಾವನ ಮಾತಿಗೆ ತಲೆಯಾಡಿಸಿದೆ. ಅಳಿಯನ ಮಾತಿಗೂ ತಲೆಯಾಡಿಸಿದೆ. ಅದು ತಾನಾಗಿಯೇ ಆಡತೊಡಗಿತ್ತು.

ಅದಕ್ಕಿಂತ ದೊಡ್ಡ ಅನಾಹುತವೆಂದರೆ, ಅರ್ಧಕ್ಕರ್ಧ ಪಾತ್ರೆಗಳು ಇರಬೇಕಾದ ಮನೆಯಲ್ಲಿ ಇರಲೇ ಇಲ್ಲ. ಬಂದ ಮುಯ್ಯಿಯನ್ನು ಜನ ಇನ್ನೊಬ್ಬರಿಗೆ ಮುಯ್ಯಿ ಮಾಡಿ ಮುಗಿಸಿದ್ದರು. ತಳ ತಿರುಗಿಸಿ ನೋಡುವ ಅಭ್ಯಾಸ ಯಾರಿಗೂ ಇಲ್ಲದ್ದರಿಂದ ಸುತ್ತಮುತ್ತ ಅದುವರೆಗೂ ಶಾಂತಿ ನೆಲೆಸಿತ್ತು. ಆ ಶಾಂತಿಯನ್ನು ನನ್ನ ಹಲಗೆ ಕೆಡಿಸಿತು. ಪುಟ್ಟಮ್ಮನವರು ತಾವು ಬಿಂದಿಗೆ ಮುಯ್ಯಿ ಮಾಡಿದ್ದ ಕನಕಪುರದ ತಂಗಿ ಮಗಳ ಮನೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದರು.

“ಅವಳತ್ತೆ ನನ್ ಬಿಂದಿಗೇನ ಮಾಗಡಿ ಕಡೆ ಯಾರ್ದೋ ಮದ್ವೆಗೆ ಕೊಟ್ಬುಟ್ಟವಳಂತೆ! ಅದು ಸಿಗೋಗಂಟ ನಾನ್ ಇಲ್ಲಿಂದ ಎದ್ದೇಳಾಕಿಲ್ಲ,” ಎಂದು ಗಲ್ಲಾದ ಪಕ್ಕದಲ್ಲಿಯೇ ಕುಳಿತುಬಿಟ್ಟರು.

ಆ ಹೊತ್ತಿಗೆ ಸರಿಯಾಗಿ, ಬೀದಿ ನಲ್ಲಿಯಲ್ಲಿ ನೀರು ಬಾರದೆ, ಶಾರದೆ ಖಾಲಿ ಬಿಂದಿಗೆಯನ್ನು ಬೋರಲಾಗಿ ಹಿಡಿದುಕೊಂಡು ಗಲಾಟೆ ಏನೆಂದು ನೋಡಲು ಬಂದಳು.

ಪುಟ್ಟಮ್ಮ ಆ ಬಿಂದಿಗೆಯ ತಳ ನೋಡಿ ಕಣ್ಣು ಕಿರಿದು ಮಾಡಿದರು. “ಈ ಕಾಗೆ ಕಾಲಿನಂಥ ಅಕ್ಸರ ನಿಮ್ದೇ ಅಲ್ವಾ ಸೌಕಾರ್ರೇ? ಒಸಿ ಓದಿ ಮತ್ತೆ.”

“ಇದಾ? ನಮ್ಮ ಗೃಹಪ್ರವೇಶಕ್ಕೆ ಮಾಗಡಿಯಿಂದ ನನ್ನ ತಮ್ಮ ತಂದದ್ದು!” ಎಂದಳು ಶಾರದೆ. “ನೋಡಿ, ಇಲ್ಲಿ ಅವನ ಹೆಸರೇ ಇದೆ.”

ಕಂಠದ ಕೆಳಗೆ ನನ್ನ ಭಾವಮೈದುನನ ಹೆಸರು ಮುತ್ತಿನಂತೆ ಹೊಳೆಯುತ್ತಿತ್ತು. ತಳದಲ್ಲಿ ನನ್ನ ಕೈಯಿಂದಲೇ “ಪುಟ್ಟಮ್ಮ, ವಿರೂಪಾಕ್ಷಿಪುರ” ಎಂದಿತ್ತು. ನಾನು ಓದಿದೆ. ಓದು ಬರುತ್ತದೆಂದು ಜೀವನದಲ್ಲಿ ಅಷ್ಟು ದುಃಖಪಟ್ಟದ್ದಿಲ್ಲ. ಅದುವರೆಗೆ ಕಿತ್ತಾಡುತ್ತಿದ್ದ ಜನ ಕಿತ್ತಾಟ ನಿಲ್ಲಿಸಿ ಇದನ್ನು ನೋಡಲು ಅನುಕೂಲವಾಗಿ ಕುಳಿತರು.

ಶಾರದೆ ಮನೆಗೆ ಹೋದಳು. ಬರುವಾಗ ಕೈಯಲ್ಲಿ ನಲ್ಲಿಯ ಡಬ್ಬಿ.

“ಎಲ್ಲರಿಗೂ ಕೊಟ್ಟು ಕಳಿಸಿ. ನನ್ನ ತವರಿನ ಮಾತು ಸಂತೆಯಲ್ಲಿ ಆಡ್ಕೊಳ್ಳೋ ಹಾಗಾಯ್ತು. ಪುರಸಭೆಯಿಂದ ದುಡ್ಡು ಬಂದ ಮೇಲೆ ಡಬ್ಬಿ ತುಂಬಿಸಿ ಕೊಡಿ, ಸಾಕು.”

ಕೊಟ್ಟೆ. ಹೆಸರಿನವರ ವಾದವೂ ಸರಿ, ಪಾತ್ರೆಯವರ ವಾದವೂ ಸರಿ ಎನ್ನಿಸಿದ್ದರಿಂದ ಇಬ್ಬರಿಗೂ ಪೂರ್ತಿ ಕೊಟ್ಟೆ! ಪುಟ್ಟಮ್ಮನವರಿಗೂ ಕೊಟ್ಟೆ. ಅವರ ಬಿಂದಿಗೆಯನ್ನು ಹಿಡಿದವಳು ನನ್ನ ಹೆಂಡತಿಯಾದ್ದರಿಂದ, ನ್ಯಾಯ ತಪ್ಪಬಾರದೆಂದು ಅವಳ ಡಬ್ಬಿಯಿಂದಲೇ ತೆಗೆದು ಅವಳಿಗೂ ಒಂದು ಪಾಲು ಚಾಚಿದೆ. ಅವಳು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಪುರಸಭೆಗೆ ಹೋದೆ. ಅಲ್ಲಿನ ಅಧಿಕಾರಿ ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಗೆದ್ದವನಲ್ಲವೇ?

“ನಗದು ಕೊಡೋ ಪದ್ಧತಿ ಇಲ್ಲ ನಂಜುಂಡಯ್ಯನೋರೆ. ನಿಮ್ಮ ಹೆಸರಿಗೆ ಜಮಾ ಮಾಡಿದೀವಿ. ಮುಂದೆ ನೀವು ಕಟ್ಟೋ ಸುಂಕದಲ್ಲಿ ಮುರ್ಕೊಳ್ತಾ ಹೋಗ್ತೀವಿ. ಆಯ್ತಲ್ಲ?”

ಆಯಿತೆಂದೆ. ಸುಂಕವೆಂಬುದು ಸೂರ್ಯ ಚಂದ್ರರಿರುವ ತನಕ ಇರುವಂಥದು. ನಿಧಾನವಾಗಿಯಾದರೂ ಡಬ್ಬಿ ತುಂಬುತ್ತದೆಂದು ಶಾರದೆಗೂ ಹೇಳಿದೆ.

ನನ್ನ ಮುಂದಿನ ಪಾತ್ರೆಯ ಲೋಡು ಬರುವ ಮೊದಲೇ ಸರ್ಕಾರ ಇಡೀ ರಾಜ್ಯದಲ್ಲಿ ಊರಬಾಗಿಲಿನ ಸುಂಕವನ್ನು ರದ್ದು ಮಾಡಿತು!

ಪೇಟೆಯಲ್ಲಿ ಪಟಾಕಿ ಹೊಡೆದರು. ಚಿಕ್ಕಣ್ಣ ನನ್ನ ಬಾಯಿಗೆ ಮೈಸೂರುಪಾಕು ತುರುಕಿ, “ಎಲ್ಲಾ ನಿನ್ ಕೇಸಿನ ಪುಣ್ಯ ಕಣ್ಲಾ!” ಎಂದ. ಸುಂಕ ಹೋಯಿತೆಂದು ಇಡೀ ರಾಜ್ಯದಲ್ಲಿ ಕಣ್ಣೀರು ಹಾಕಿದವನು ನಾನೊಬ್ಬನೇ ಇರಬೇಕು. ಮೈಸೂರುಪಾಕು ಅಗಿಯುತ್ತಲೇ ಪುರಸಭೆಗೆ ಓಡಿದೆ.

“ಸ್ವಾಮೀ, ನನ್ನೊಬ್ಬನಿಗಾದರೂ ಸುಂಕ ಹಾಕಿ!”

ಅಧಿಕಾರಿ ಹೌಹಾರಿದರು. “ಸುತರಾಂ ಆಗಲ್ಲ. ಕಾನೂನಿಗೆ ವಿರುದ್ಧ. ನಾಳೆ ನೀವೇ ಕೇಸು ಹಾಕ್ತೀರಿ!”

ಮನೆಗೆ ಬಂದೆ. ಊರಿಗೆಲ್ಲ ಗೊತ್ತಾದದ್ದು ಶಾರದೆಗೆ ಗೊತ್ತಾಗದೆ ಇರುತ್ತದೆಯೇ? ಬಾಗಿಲ ಪಕ್ಕದಲ್ಲಿದ್ದ ಬಿಂದಿಗೆಯನ್ನು ಕಾಲಿನಿಂದ ಒಂದಿಷ್ಟು ನನ್ನ ಕಡೆಗೆ ಸರಿಸಿದಳು, ಅಷ್ಟೆ. ನಾನು ಪಂಚೆ ಎತ್ತಿ ಕಟ್ಟಿ, ಬಿಂದಿಗೆಯನ್ನು ಹೆಗಲಿಗೇರಿಸಿಕೊಂಡು ಬೀದಿ ನಲ್ಲಿಗೆ ನಡೆದೆ. ಅಲ್ಲಿ ಹನುಮಂತನ ಬಾಲದಂಥ ಸಾಲು.

“ಕೇಸ್ ಗೆದ್ದೋರು ಬಂದವ್ರೆ, ಒಸಿ ದಾರಿ ಬುಡ್ರಮ್ಮ!” ಎಂದು ಒಬ್ಬಾಕೆ ಕೂಗಿದಳು.

ಎಲ್ಲರೂ ಗೌರವದಿಂದ ಸರಿದು ನಿಂತರು. ನಾನು ತಲೆಯೆತ್ತಿ ನಡೆದುಹೋಗಿ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟೆ.

ನೀರು ನಿಂತಿತು.