ತುಕ್ಕು ಹಿಡಿಯದ ಸೈಲೆನ್ಸರ್ ಪೈಪಿನವರ ಸನ್ನಿಧಿಗೆ

ಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಸೈಲೆನ್ಸರ್ ಪೈಪಿನವರೇ,

ತಮ್ಮ ಮೂರು ಇಂಚಿನ ದುಂಡುತನಕ್ಕೂ, ಎಲ್ಲೂ ಸೀಳು ಬಿಡದ ತಮ್ಮ ಬೆಸುಗೆಗೂ, ಮಸಿಯನ್ನೆಲ್ಲ ಹಿಂದಿನ ತುದಿಯವರೆಗೆ ಗುಟ್ಟಾಗಿ ಒಯ್ಯುವ ತಮ್ಮ ಸಂಯಮಕ್ಕೂ ಅನಂತ ನಮಸ್ಕಾರಗಳು. ತಾವು ಯಾವ ಡೀಸೆಲ್ ಪಿಕಪ್‌ನ ಹೊಟ್ಟೆಯಡಿ ಐದು ವಾರಗಳ ಹಿಂದೆ ಪದಗ್ರಹಣ ಮಾಡಿದಿರೋ ಅದರ ಮಾಲೀಕನೂ ಚಾಲಕನೂ ಹಮಾಲಿಯೂ ನಾನೇ. ನಾನೂ ನನ್ನ ಹೆಂಡತಿಯೂ ಸೇರಿ ಲಾಂಡ್ರಿ ನಡೆಸುತ್ತೇವೆ. ಲಾಡ್ಜುಗಳಿಂದಲೂ ಮನೆಗಳಿಂದಲೂ ಕೊಳೆ ಬಟ್ಟೆಯ ಗಂಟು ಹೊತ್ತು ತರುವುದು ಮತ್ತು ಇಸ್ತ್ರಿಯಾದದ್ದನ್ನು ಮರಳಿ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಈ ಐದು ವಾರಗಳಲ್ಲಿ ತಮ್ಮ ಮೇಲೆ ನನಗಿರುವ ದೂರು ಒಂದೇ ಒಂದು: ತಾವು ತೀರಾ ಒಳ್ಳೆಯವರು.

ತಮ್ಮ ಹಿಂದಿನವರು ಸಾದಾ ಕಬ್ಬಿಣದವರು. ಅವರ ಮೈಯಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬಿದ್ದು, ಅದರಿಂದ ಹೊರಟ ಮಸಿ ಲಾಡ್ಜಿನ ಬಿಳಿ ಹಾಸುಗಳ ಮೇಲೆ ಕರಿ ಚುಕ್ಕೆಯಿಡತೊಡಗಿದಾಗ, ಒಗೆದದ್ದನ್ನೇ ಒಗೆದು ಬೇಸತ್ತ ನನ್ನ ಹೆಂಡತಿ, ಆ ಪೈಪು ಈ ಮನೆಯಲ್ಲಿ ಇರಬೇಕು ಇಲ್ಲವೇ ತಾನು ಇರಬೇಕು ಎಂದಳು. ಹದಿನೆಂಟು ವರ್ಷದ ಸಂಸಾರ ನೋಡಿ ನಾನು ಹೆಂಡತಿಯನ್ನೇ ಆರಿಸಿಕೊಂಡೆ.

ಹಾಗೆ ಇಬ್ಬರೂ ಡಾಕ್ಟರ ಬಳಿಗೆ ಹೋದೆವು. ಡಾಕ್ಟರ್ ಎಂದರೆ ನಮ್ಮ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೂ ಕಿವಿಗೂ ನಡುವೆ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೇಳುವುದರಿಂದ ಅವನಿಗೆ ಆ ಹೆಸರು. ಸಾದಾ ಉಕ್ಕು ಬೇಗ ತುಕ್ಕಿಗೆ ತುತ್ತಾಗುತ್ತದೆ, ಅಲ್ಯೂಮಿನಿಯಂ ಲೇಪನದ್ದು ಲೇಪನಕ್ಕೆ ಕಲ್ಲು ತಾಗುವವರೆಗೆ ಚೆನ್ನ, ನಾನೂರ ಒಂಬತ್ತು ಎಂಬ ದರ್ಜೆಯ ಸ್ಟೇನ್‌ಲೆಸ್ ಬಹಳ ಬಾಳುತ್ತದಾದರೂ ಮೈ ಕಂದುತ್ತದೆ, ಮುನ್ನೂರ ನಾಲ್ಕು ಎಂಬುದಕ್ಕೆ ಸಾವಿಲ್ಲ ಎಂದು ಒಂದೊಂದೇ ಪೈಪು ತಟ್ಟಿ ವಿವರಿಸಿದ ಅವನು, ಟೈಟಾನಿಯಂ ಹೆಸರನ್ನು ಮಾತ್ರ ಶ್ರೀಮಂತ ಬೀಗರ ಸುದ್ದಿಯಂತೆ ದನಿ ತಗ್ಗಿಸಿ ಹೇಳಿದ. ಬಾಯಿಮಾತು ನಂಬದ ನನ್ನ ಹೆಂಡತಿ ಗುಂಡುಸೂಜಿ ಹೆಕ್ಕುವ ಅಯಸ್ಕಾಂತವನ್ನು ಚೀಲದಿಂದ ತೆಗೆದು ಎಲ್ಲರ ಮೈಗೂ ಹಿಡಿದು ನೋಡಿದಳು. ನಾನೂರ ಒಂಬತ್ತಿನವರು ತಟಕ್ಕನೆ ಅಂಟಿಕೊಂಡರು. ಮುನ್ನೂರ ನಾಲ್ಕಿನವರಾದ ತಾವು ತಿರುಗಿಯೂ ನೋಡಲಿಲ್ಲ. ಆ ಗಾಂಭೀರ್ಯಕ್ಕೆ ಸೋತು ತಮ್ಮನ್ನೇ ಕರೆತಂದೆವು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಗಂಡಸರಿಬ್ಬರು ತೆರೆದ ಬಾನೆಟ್ಟಿನ ಮುಂದೆ ನಿಂತರೆ ಇಷ್ಟಕ್ಕೆ ನಿಲ್ಲುವುದುಂಟೇ? ದೊಡ್ಡ ಏರ್ ಫಿಲ್ಟರ್ ಬಂತು, ಇಂಜಿನ್ನಿಗೆ ಹೋಗುವ ಗಾಳಿ ತಣಿಸುವ ಅಗಲವಾದ ಇಂಟರ್‌ಕೂಲರ್ ಬಂತು, ಕಡೆಗೆ ಡಾಕ್ಟರ್ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ಇಂಜಿನ್ನಿಗೆ ಡೀಸೆಲ್ ಹೆಚ್ಚು ಬಡಿಸುವಂತೆ ಟ್ಯೂನಿಂಗ್ ಕೂಡ ಮಾಡಿದ. ಗಾಡಿ ಕಟ್ಟು ಬಿಚ್ಚಿದ ಕರುವಿನಂತೆ ನೆಗೆಯಿತು, ನಿಜ. ಜೊತೆಗೆ ಹಿಂದಿನಿಂದ ಎದ್ದ ಕಪ್ಪು ಮೋಡ ನಮ್ಮದೇ ತಾರಸಿಯಲ್ಲಿ ಒಣಗುತ್ತಿದ್ದ ನಲವತ್ತು ಹಾಸುಗಳತ್ತ ಹೊರಟಿತು. ನನ್ನ ಹೆಂಡತಿ ಹಾಸುಗಳನ್ನು ಒಂದೊಂದೇ ತೆಗೆದು ನನ್ನ ಹೆಗಲಿಗೆ ಹೇರಿದಳು. ಅಂದು ಮಧ್ಯಾಹ್ನವೇ ಟ್ಯೂನಿಂಗ್ ರದ್ದಾಗಿ, ಪ್ರಾಯಶ್ಚಿತ್ತವೆಂಬಂತೆ ಇದ್ದುದರಲ್ಲೇ ಉದ್ದನೆಯ, ಸದ್ದು ನುಂಗುವ ಮಫ್ಲರ್ ಡಬ್ಬಿ ತಮ್ಮ ಮೈಗೆ ಜೋಡಿಯಾಯಿತು.

ಅಲ್ಲಿಂದ ತಮ್ಮ ಸೇವೆ ಶುರುವಾಯಿತು, ನನ್ನ ಕಷ್ಟವೂ. ಇಂಜಿನ್ನಿಗೆ ಗಾಳಿ ತುರುಕುವ ಟರ್ಬೋ ಸಲೀಸಾಗಿ ಉಸಿರಾಡುತ್ತದೆ, ತುಂಬಿದ ಗಾಡಿ ಮೇಲ್ಸೇತುವೆಯನ್ನು ನಾಲ್ಕನೇ ಗೇರಿನಲ್ಲೇ ಹತ್ತುತ್ತದೆ, ಹಾಸುಗಳು ಹಾಲಿನಷ್ಟು ಬೆಳ್ಳಗೆ ಉಳಿಯುತ್ತವೆ. ಆದರೆ ಗಾಡಿ ಬಂದದ್ದು ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ. ಮೊದಲು ಎರಡು ಬೀದಿ ಆಚೆ ಇರುವಾಗಲೇ ಜನ ಗಂಟು ಕಟ್ಟಿ ಬಾಗಿಲಿಗೆ ತಂದಿಡುತ್ತಿದ್ದರು. ಈಗ ಮೆಟ್ಟಿಲು ಹತ್ತಿ ಕರೆಗಂಟೆ ಒತ್ತಿ ನಿಂತರೆ, ನಾನೇ ಕಳ್ಳ ಹೆಜ್ಜೆಯಿಟ್ಟು ಬಂದೆನೆಂಬಂತೆ ನೋಡುತ್ತಾರೆ. ಅದೆಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಹಾಕಿಕೊಳ್ಳಲಾಗದ್ದು ನಮ್ಮ ತಂದೆಯವರ ವಿಷಯ.

ನಮ್ಮ ತಂದೆಯವರು ಮೂವತ್ತು ವರ್ಷ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡವರು. ಅಲ್ಲಿನ ಆರ್ಭಟಕ್ಕೆ ಕಿವಿಯ ಬಹುಭಾಗ ಒಪ್ಪಿಸಿ ಬಂದ ಅವರಿಗೆ ಮಾತು, ಗಂಟೆ, ಹಾರ್ನ್ ಯಾವುದೂ ಕೇಳಿಸದು. ಎದೆಗೆ ತಾಗುವಂಥ ತಗ್ಗಿನ ಗುಡುಗುಡು ಮಾತ್ರ ಕೇಳಿಸುತ್ತದೆ. ದಿನಾ ಸಂಜೆ ಪಿಕಪ್ ಮೂಲೆಯ ಏರಿಗೆ ಬರುತ್ತಲೇ ಕುರ್ಚಿಯಿಂದೆದ್ದು, ಕೋಲೂರಿ ನಡೆದು, ಗೇಟಿನ ಅಗುಳಿ ತೆಗೆದು ನಿಲ್ಲುವುದು ಅವರ ಹುದ್ದೆ. ಆ ಹುದ್ದೆಗೆ ಅವರು ಒಂದು ದಿನ ರಜೆ ಹಾಕಿದವರಲ್ಲ. ತಾವು ಬಂದ ಮೊದಲ ಸಂಜೆ ನಾನು ಗೇಟಿನ ಮುಂದೆ ಹಾರ್ನ್ ಹೊಡೆಯುತ್ತ ನಿಂತೆ. ಅವರು ಕುರ್ಚಿಯಲ್ಲಿ ಬೀದಿಗೆ ಬೆನ್ನು ಹಾಕಿ ಕುಳಿತೇ ಇದ್ದರು. ನನ್ನ ಹೆಂಡತಿ ಬಂದು ಅಗುಳಿ ತೆಗೆದಳು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಅವರು ರಾತ್ರಿ ಗೇಟಿಗೆ ಹಾಕುವ ಬೀಗದ ಕೈಯನ್ನು ಸೊಸೆಯ ಅಂಗೈಯಲ್ಲಿಟ್ಟು, "ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ ಕಣಮ್ಮ, ನನ್ನ ಕಿವಿ ಪೂರ್ತಿ ಹೋಯ್ತು" ಎಂದರು.

ಪೈಪು ಹೊಸದು ಎಂದು ಎದುರು ನಿಂತು ಬಾಯಿ ಅಗಲಿಸಿ ಹೇಳಿದೆವು, ಬರೆದು ತೋರಿಸಿದೆವು, ಕೈಹಿಡಿದು ಕರೆತಂದು ತಮ್ಮನ್ನೇ ಮುಟ್ಟಿಸಿದೆವು. ಬಹಳ ನುಣುಪಾಗಿದೆ ಎಂದು ಮೆಚ್ಚಿ, ಡೀಸೆಲ್ ಗಾಡಿ ಸದ್ದಿಲ್ಲದೆ ಬರುತ್ತದೆಂದು ಬಾಯ್ಲರ್ ನೋಡಿಕೊಂಡವನಿಗೆ ಹೇಳಬೇಡಿ, ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಬೇಡ ಎಂದು ಒಳಕೋಣೆಗೆ ಹೋದರು. ಅಂದಿನಿಂದ ಅವರ ಕುರ್ಚಿ ಖಾಲಿ. ಹೇಳುವುದಕ್ಕೇನು, ನನಗೆ ಅಳುವೇ ಬಂತು.

ಹೀಗಿರುವಲ್ಲಿ ಕಳೆದ ಗುರುವಾರ ಸಂಜೆ ಮೂಲೆಯ ಏರಿನಲ್ಲಿ ಎರಡನೇ ಗೇರಿಗೆ ಇಳಿಸುವುದು ಮರೆತೆ. ಮೂರನೆಯದರಲ್ಲೇ ಇಂಜಿನ್ ಏದುಸಿರು ಬಿಡುತ್ತಿರಲು, ಮಾನ್ಯರೇ, ತಾವು ಮೊಟ್ಟಮೊದಲ ಬಾರಿಗೆ ಬಾಯಿಬಿಟ್ಟಿರಿ. ಗೊಂ ಎಂಬ ಆ ದನಿ ನನ್ನ ಸೀಟಿನ ಮೂಲಕ ಬೆನ್ನುಮೂಳೆಗೆ ಹತ್ತಿತು. ನಾನು ಗೇಟು ತಲುಪುವಷ್ಟರಲ್ಲಿ ಅದು ತೆರೆದಿತ್ತು. ಅಗುಳಿಯ ಮೇಲೆ ಕೈಯಿಟ್ಟು, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದ ತಂದೆಯವರು ನನ್ನನ್ನು ತರಾಟೆಗೆ ತೆಗೆದುಕೊಂಡರು: "ಏನೋ ಇದು, ಗಾಡಿ ಹೀಗೆ ನರಳ್ತಾ ಇದೆ! ಪೈಪು ತೂತು ಬಿದ್ದಿರಬೇಕು. ನಾಳೇನೇ ಒಳ್ಳೇದೊಂದು ಹಾಕ್ಸು." ಇಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿರಲಿಲ್ಲ. ಹಾಕಿಸುತ್ತೇನೆಂದು ತಲೆಯಾಡಿಸಿದೆ. ಬೀಗದ ಕೈ ಅಂದೇ ಅವರ ಜೇಬಿಗೆ ಮರಳಿತು. ಮರುದಿನದಿಂದ ಆ ಏರನ್ನು ನಾನು ಬೇಕೆಂದೇ ಮೂರನೇ ಗೇರಿನಲ್ಲಿ ಹತ್ತುತ್ತಿದ್ದೇನೆ.

ಈಗ ನನ್ನ ವಿನಂತಿ. ತಮ್ಮ ದನಿಯ ಸುದ್ದಿ ಹೇಗೋ ಡಾಕ್ಟರ ಕಿವಿಗೆ ಬಿದ್ದು, ತನ್ನ ಕೈಕೆಲಸಕ್ಕೆ ಕಳಂಕ ಬಂತೆಂದು ನೊಂದ ಅವನು, ಬೇಡ ಬೇಡವೆಂದರೂ ಕೇಳದೆ ಬರುವ ಶನಿವಾರ ಬಂದು, ಗೊಂಗುಡುವುದನ್ನು ನುಂಗುವ ಇನ್ನೊಂದು ಡಬ್ಬಿ ಜೋಡಿಸುವೆನೆಂದಿದ್ದಾನೆ. ಅವನಿಗೆ ನಿಜ ಹೇಳೋಣವೆಂದರೆ ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲದು. ತನಗಾಗಿ ಗಾಡಿಯನ್ನು ನರಳಿಸುತ್ತಿದ್ದೇವೆಂದು ತಂದೆಯವರಿಗೆ ಗೊತ್ತಾದರೆ ಬೀಗದ ಕೈ ಮತ್ತೆ ಸೊಸೆಗೆ. ಆದುದರಿಂದ ಡಾಕ್ಟರ್ ಪರೀಕ್ಷೆಗೆಂದು ಓಡಿಸುವಾಗ ತಾವು ಯಾವ ಗೇರಿನಲ್ಲೂ ಉಸಿರೆತ್ತದೆ ಮೌನವ್ರತ ಪಾಲಿಸಬೇಕಾಗಿಯೂ, ಮಿಕ್ಕ ದಿನಗಳಲ್ಲಿ ಸಂಜೆ ಆರಕ್ಕೆ, ಮೂಲೆಯ ಏರಿನಿಂದ ನಮ್ಮ ಗೇಟಿನವರೆಗೆ ಮಾತ್ರ ನೆರೆಹೊರೆಗೆ ಕೇಳದಂತೆ, ಕಿವಿ ಮಂದವಾದ ಒಬ್ಬರಿಗೆ ಮಾತ್ರ ಕೇಳುವಂತೆ ಗುಡುಗಬೇಕಾಗಿಯೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದರೆ, ಆ ಪುಟವನ್ನು ತಂದೆಯವರ ಕೈಗೆ ಸಿಗದಂತೆ ಲಾಡ್ಜಿನವರ ಅಂಗಿಯ ಮಡಿಕೆಯೊಳಗೆ ಇಡಲಾಗುವುದು.

ಮೂರನೇ ಗೇರಿನಲ್ಲಿ ಕಾದಿರುವ,
ತಮ್ಮ ವಿಶ್ವಾಸಿ,
ಲಾಂಡ್ರಿ ಪಿಕಪ್‌ನ ಮಾಲೀಕ

ಮರೆತ ಮಾತು: ತಮ್ಮ ಹಿಂದಿನವರನ್ನು ಗುಜರಿಗೆ ಹಾಕಿದೆವೆಂದು ತಾವು ತಿಳಿದಿರಬಹುದು. ಹಾಕಿಲ್ಲ. ಇಸ್ತ್ರಿ ಕೋಣೆಯ ಹಿಂದಿನ ಗೋಡೆಗೆ ಒರಗಿಕೊಂಡು, ತೂತು ಸಮೇತ ಕ್ಷೇಮವಾಗಿದ್ದಾರೆ. ಅವರಿಗೆ ಅಯಸ್ಕಾಂತವೂ ಚೆನ್ನಾಗಿ ಅಂಟುತ್ತದೆ; ನಮ್ಮ ತಂದೆಯವರ ಕಿವಿ ಅಂಟಿಕೊಂಡಿದ್ದುದೂ ಅವರಿಗೇ.